ಓವನ್ನಿಗೆ ಒಗ್ಗಿಸಿದ ಹಬ್ಬದ ಹಕ್ಕಿ

ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಅಂದು ಕೋಟಿಗಟ್ಟಲೆ ಮನೆಗಳಲ್ಲಿ ನಡೆಯುವುದು ಒಂದೇ ಅಡುಗೆ. ಐದರಿಂದ ಹತ್ತು ಕಿಲೋ ತೂಗುವ ಇಡಿಯ ಟರ್ಕಿ ಕೋಳಿಗೆ ಉಪ್ಪು, ಬೆಣ್ಣೆ ಸವರಿ, ಹೊಟ್ಟೆಯೊಳಗೆ ಬ್ರೆಡ್ಡಿನ ಹೂರಣ ತುಂಬಿ, ಮೂರು ನಾಲ್ಕು ಗಂಟೆ ಓವನ್ನಿನಲ್ಲಿಟ್ಟು ಹೊಂಬಣ್ಣಕ್ಕೆ ತರುತ್ತಾರೆ. ಆ ಮನೆಗಳ ಪೇಚಾಟವೂ ಒಂದೇ: ಎದೆಯ ಮಾಂಸ ಒಣಗಿ ನಾರಾಗುತ್ತದೆ, ತೊಡೆಯ ಸಂದು ಇನ್ನೂ ಹಸಿಯಾಗಿಯೇ ಉಳಿದಿರುತ್ತದೆ. ಈ ಅಡುಗೆಯ ಬಗ್ಗೆ ಎರಡು ನಂಬಿಕೆಗಳು ಆಳವಾಗಿ ಬೇರೂರಿವೆ. ಇದು 1621ರಲ್ಲಿ ಮ್ಯಾಸಚೂಸೆಟ್ಸಿನ ಪ್ಲಿಮತ್ತಿನಲ್ಲಿ ನೆಲೆಸಿದ್ದ ಇಂಗ್ಲಿಷ್ ವಲಸಿಗರು ಉಂಡ ಊಟದಿಂದ ನಡೆದು ಬಂದ ನಾಲ್ಕು ಶತಮಾನದ ಪರಂಪರೆ ಎಂಬುದು ಮೊದಲನೆಯದು. ಅಡುಗೆ ಕೆಟ್ಟರೆ ತಪ್ಪು ಮಾಡಿದವರ ಕೈಯದು, ವರ್ಷಕ್ಕೊಮ್ಮೆ ಮಾಡುವ ಕೆಲಸವಾದ್ದರಿಂದ ರೂಢಿ ಸಾಲದು ಎಂಬುದು ಎರಡನೆಯದು. ನನಗೆ ಇವೆರಡೂ ಒಪ್ಪಿಗೆಯಿಲ್ಲ. ಇಂದು ನಾವು ಕಾಣುವ ರೂಪದಲ್ಲಿ ಈ ಅಡುಗೆಗೆ ಹೆಚ್ಚೆಂದರೆ ನೂರೈವತ್ತು ವರ್ಷಗಳ ವಯಸ್ಸು. ಅದನ್ನು ಮನೆಮನೆಗೆ ತಂದದ್ದು ಎರಕದ ಕಬ್ಬಿಣದ ಒಲೆ. ಒಣಗಿದ ಎದೆ, ಬೇಯದ ತೊಡೆಯ ತೊಂದರೆಯನ್ನು ಹೆಚ್ಚಿಸಿದ್ದೂ ಆ ಒಲೆಯೇ. ತೆರೆದ ಬೆಂಕಿಯ ಮುಂದೆ ತಿರುಗುತ್ತ ಬೇಯುತ್ತಿದ್ದ ಹಕ್ಕಿಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಅಲುಗದಂತೆ ಕೂರಿಸಿದರು. ಆಮೇಲೆ ಆ ಹಕ್ಕಿಯ ಮೈಯನ್ನೇ ಬದಲಿಸಿದರು. ಅಡುಗೆಯವರ ಕೈಗುಣವನ್ನು ದೂರುವ ಮೊದಲು ಈ ಚರಿತ್ರೆಯನ್ನು ನೋಡಬೇಕು.

ಪ್ಲಿಮತ್ತಿನ ಕಥೆಗೆ ಇರುವ ಆಧಾರ ಎಷ್ಟು ತೆಳುವೆಂದು ಮೊದಲು ನೋಡೋಣ. ಆ ಸುಗ್ಗಿಯ ಊಟದ ಬಗ್ಗೆ ಅಲ್ಲಿದ್ದವರೇ ಬರೆದದ್ದು ಎಡ್ವರ್ಡ್ ವಿನ್ಸ್‌ಲೋ ಅವರ ಒಂದು ಪತ್ರ, 1621ರ ಡಿಸೆಂಬರಿನದು. ಗವರ್ನರು ನಾಲ್ವರನ್ನು ಹಕ್ಕಿಬೇಟೆಗೆ ಕಳಿಸಿದರು. ವಾಂಪನೋಗ್ ಜನರ ನಾಯಕ ಮಾಸಸಾಯಿಟ್ ತೊಂಬತ್ತು ಮಂದಿಯೊಂದಿಗೆ ಬಂದ. ಅವರು ಐದು ಜಿಂಕೆಗಳನ್ನು ಬೇಟೆಯಾಡಿ ತಂದರು. ಊಟ ಮೂರು ದಿನ ನಡೆಯಿತು. ಪತ್ರದಲ್ಲಿರುವುದು ಇಷ್ಟೇ. ಬೇಟೆಯ ಹಕ್ಕಿಗಳಲ್ಲಿ ಟರ್ಕಿ ಇತ್ತೆಂದು ಅದು ಹೇಳುವುದಿಲ್ಲ. ಆ ಗವರ್ನರು ವಿಲಿಯಂ ಬ್ರಾಡ್‌ಫರ್ಡ್ ಬರೆದ ಚರಿತ್ರೆಯಲ್ಲಿ ಆ ವರ್ಷದ ಶರತ್ಕಾಲದಲ್ಲಿ ಕಾಡು ಟರ್ಕಿಗಳು ಹೇರಳವಾಗಿ ಸಿಕ್ಕವೆಂಬ ಮಾತಿದೆ ನಿಜ. ಆದರೆ ಅದು ಆ ಋತುವಿನ ಆಹಾರದ ಬಗ್ಗೆ ಹೇಳಿದ ಮಾತು, ಆ ಊಟದ ಬಗ್ಗೆ ಅಲ್ಲ. ಅಲ್ಲದೆ ಬ್ರಾಡ್‌ಫರ್ಡ್ ಅವರ ಹಸ್ತಪ್ರತಿ ದಶಕಗಳ ಕಾಲ ಕಣ್ಮರೆಯಾಗಿದ್ದು, ಲಂಡನ್ನಿನ ಬಿಷಪ್ಪರ ಗ್ರಂಥಾಲಯದಲ್ಲಿ ಸಿಕ್ಕಿ ಅಚ್ಚಾದದ್ದು 1856ರಲ್ಲಿ. ವಿನ್ಸ್‌ಲೋ ಪತ್ರಕ್ಕೆ ‘ಮೊದಲ ಥ್ಯಾಂಕ್ಸ್‌ಗಿವಿಂಗ್’ ಎಂಬ ಹಣೆಪಟ್ಟಿ ಬಿದ್ದದ್ದು 1841ರಲ್ಲಿ, ಅಲೆಕ್ಸಾಂಡರ್ ಯಂಗ್ ಅದನ್ನು ಮರುಮುದ್ರಿಸುವಾಗ ಹಾಕಿದ ಅಡಿಟಿಪ್ಪಣಿಯಲ್ಲಿ. ಅಂದರೆ ಎರಡು ಶತಮಾನಕ್ಕೂ ಮಿಕ್ಕಿ ಯಾರೂ ಈ ಊಟವನ್ನು ನೆನೆದು ಟರ್ಕಿ ಬೇಯಿಸಿರಲಿಲ್ಲ. ಆ ಕಥೆ ಯಾರ ಕಣ್ಣಿನಿಂದ ಹೇಳಿದ್ದು ಎಂಬ ಪ್ರಶ್ನೆಯೂ ಇದೆ. ವಾಂಪನೋಗ್ ವಂಶಸ್ಥರು ಮತ್ತು ಇತರ ಮೂಲನಿವಾಸಿಗಳು 1970ರಿಂದ ಇದೇ ದಿನವನ್ನು ಪ್ಲಿಮತ್ತಿನಲ್ಲಿ ಶೋಕದ ದಿನವಾಗಿ ಆಚರಿಸುತ್ತ ಬಂದಿದ್ದಾರೆ. ಮಾಸಸಾಯಿಟ್ ಬಂದು ಉಂಡುಹೋಗಿ ಅರ್ಧ ಶತಮಾನ ದಾಟುತ್ತಲೇ ಅವನ ಜನ ಯುದ್ಧದಲ್ಲಿ ನೆಲೆ ಕಳೆದುಕೊಂಡರು. ಆ ನೋವನ್ನು ಬದಿಗೆ ಸರಿಸಿ ಟರ್ಕಿಯ ಸುತ್ತ ಸೌಹಾರ್ದದ ಚಿತ್ರ ಕಟ್ಟಿದ್ದು ಹತ್ತೊಂಬತ್ತನೆಯ ಶತಮಾನ.

ಟರ್ಕಿ ಹಬ್ಬದ ಮೇಜಿಗೆ ಏರಿದ್ದು ಪ್ಲಿಮತ್ತಿಗಿಂತಲೂ ಮುಂಚೆ, ಬೇರೆಯೇ ದಾರಿಯಲ್ಲಿ. ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಮೆಕ್ಸಿಕೋದ ಜನ ಇದನ್ನು ಸಾಕಿ ಪಳಗಿಸಿದ್ದರು. ಹದಿನಾರನೆಯ ಶತಮಾನದ ಆರಂಭದಲ್ಲಿ ಸ್ಪೇನಿನವರು ಅಲ್ಲಿಂದ ಯುರೋಪಿಗೆ ಒಯ್ದರು. ಇಂಗ್ಲೆಂಡಿನ ವಿಲಿಯಂ ಸ್ಟ್ರಿಕ್‌ಲೆಂಡ್ ಎಂಬವರಿಗೆ 1550ರಲ್ಲಿ ಸಿಕ್ಕ ಕುಲಲಾಂಛನದಲ್ಲಿ ಟರ್ಕಿ ಹುಂಜದ ಚಿತ್ರವಿದೆ. 1573ರ ಹೊತ್ತಿಗೆ ಥಾಮಸ್ ಟಸ್ಸರ್ ತಮ್ಮ ಬೇಸಾಯದ ಪದ್ಯಗಳಲ್ಲಿ ಕ್ರಿಸ್‌ಮಸ್ ಊಟದ ಖಾದ್ಯಗಳ ಸಾಲಿಗೆ ಇದನ್ನೂ ಸೇರಿಸುತ್ತಾರೆ. ಹದಿನೆಂಟನೆಯ ಶತಮಾನದಲ್ಲಿ ನಾರ್ಫೋಕ್, ಸಫೋಕ್ ಸೀಮೆಯ ಟರ್ಕಿಗಳನ್ನು ಲಂಡನ್ನಿಗೆ ಕಾಲ್ನಡಿಗೆಯಲ್ಲೇ ಹೊಡೆದುಕೊಂಡು ಬರುತ್ತಿದ್ದರು. ಒಂದೊಂದು ಹಿಂಡಿನಲ್ಲಿ ಮುನ್ನೂರರಿಂದ ಸಾವಿರ ಹಕ್ಕಿಗಳಿರುತ್ತಿದ್ದವೆಂದೂ, ಒಂದು ಹಂಗಾಮಿನಲ್ಲಿ ಒಂದೇ ಸೇತುವೆಯ ಮೇಲೆ ಮುನ್ನೂರು ಹಿಂಡು ದಾಟಿದ್ದುಂಟೆಂದೂ ಡೇನಿಯಲ್ ಡಿಫೋ ಬರೆದಿದ್ದಾರೆ. ಇತ್ತ ನಮ್ಮ ನಾಡಿಗೂ ಇದು ಬೇಗನೇ ಬಂತು. 1612ರಲ್ಲಿ ತನ್ನ ಅಧಿಕಾರಿ ಮುಕರ್ರಬ್ ಖಾನ್ ಗೋವಾದಿಂದ ತಂದ ಟರ್ಕಿಯನ್ನು ಕಂಡು ಬೆರಗಾದ ಜಹಾಂಗೀರ್, ಅದರ ತಲೆ, ಕತ್ತು ಗಳಿಗೆಗೊಂದು ಬಣ್ಣ ತಾಳುವ ಬಗೆಯನ್ನು ತನ್ನ ಆತ್ಮಕಥನದಲ್ಲಿ ವಿವರವಾಗಿ ಬರೆದ. ಉಸ್ತಾದ್ ಮನ್ಸೂರನಿಂದ ಚಿತ್ರ ಬರೆಸಿದ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿರುವ ಆ ಚಿತ್ರದಲ್ಲಿರುವುದು ಉದ್ದ ಕಾಲಿನ, ಸಪೂರ ಮೈಯ ಹಕ್ಕಿ. ಮುಂದೆ ಈ ಮೈಕಟ್ಟಿನ ಮಾತು ಬರುತ್ತದೆ, ಆದ್ದರಿಂದ ಹೇಳಿದೆ.

ಆ ಹಕ್ಕಿಯನ್ನು ಬೇಯಿಸುತ್ತಿದ್ದುದು ಹೇಗೆ? ಅಮೆರಿಕದವರೇ ಬರೆದ ಮೊದಲ ಅಡುಗೆ ಪುಸ್ತಕವೆಂದು ಹೆಸರಾದ ಅಮೀಲಿಯಾ ಸಿಮನ್ಸ್ ಅವರ ಕೃತಿ 1796ರಲ್ಲಿ ಹಾರ್ಟ್‌ಫರ್ಡಿನಲ್ಲಿ ಅಚ್ಚಾಯಿತು. ಅದರ ಪ್ರಕಾರ ಒಂದು ಪೌಂಡು ಮೆತ್ತನೆಯ ಗೋಧಿ ಬ್ರೆಡ್ಡು, ದನದ ಕೊಬ್ಬು, ಮೂರು ಮೊಟ್ಟೆ, ಥೈಮ್ ಮತ್ತು ಮಾರ್ಜೊರಮ್ ಸೊಪ್ಪು, ಮೆಣಸು, ಉಪ್ಪು ಕಲಸಿ ಹಕ್ಕಿಯ ಹೊಟ್ಟೆಗೆ ತುಂಬಿ ಹೊಲಿಯಬೇಕು. ಆಮೇಲೆ ಹದವಾಗಿ ನಿಂತ ಬೆಂಕಿಯ ಎದುರು ತೂಗುಹಾಕಬೇಕು. ನಡುನಡುವೆ ಉಪ್ಪುನೀರು ಹೊಯ್ಯಬೇಕು. ಎದೆಯಿಂದ ಹಬೆ ಹೊರಟರೆ ಬೆಂದಿತೆಂದು ಲೆಕ್ಕ. ಕೊನೆಗೆ ಹಿಟ್ಟು ಉದುರಿಸಿ, ಬೆಣ್ಣೆ ಹಾಕಿದ ರಸ ಸುರಿದು ಬಣ್ಣ ಬರಿಸಬೇಕು. ಇಲ್ಲಿ ಗಡಿಯಾರವೂ ಇಲ್ಲ, ಶಾಖದ ಅಂಕಿಯೂ ಇಲ್ಲ. ಬೆಂಕಿ ಇರುವುದು ಹಕ್ಕಿಯ ಕೆಳಗಲ್ಲ, ಎದುರಿಗೆ. ಬಡ ಮನೆಗಳಲ್ಲಿ ಗಟ್ಟಿ ದಾರವೊಂದನ್ನು ಒಲೆಯ ಮೇಲಿನ ಮೊಳೆಗೆ ಕಟ್ಟಿ ಹಕ್ಕಿಯನ್ನು ಇಳಿಬಿಡುತ್ತಿದ್ದರು. ದಾರಕ್ಕೆ ಹುರಿ ಏರಿಸಿ ಬಿಟ್ಟರೆ ಅದು ಬಿಚ್ಚಿಕೊಳ್ಳುತ್ತ ಒಮ್ಮುಖ ಸುತ್ತುತ್ತದೆ, ಮತ್ತೆ ಹುರಿಗೊಂಡು ತಿರುಮುಖವಾಗಿ ಸುತ್ತುತ್ತದೆ. ಅದು ನಿಂತಾಗೆಲ್ಲ ಹುರಿ ಏರಿಸುವುದು ಮಕ್ಕಳ ಪಾಲಿನ ಕೆಲಸ. ಅನುಕೂಲಸ್ಥರಲ್ಲಿ ಕಬ್ಬಿಣದ ಸಲಾಕೆ, ಅದನ್ನು ತಿರುಗಿಸಲು ಭಾರ ಕಟ್ಟಿದ ಗಡಿಯಾರದಂಥ ಯಂತ್ರ. ಆಮೇಲೆ ತಗಡಿನ ಅರೆಗೊಳವೆಯ ಆಕಾರದ ಸಾಧನ ಬಂತು. ಅದರ ತೆರೆದ ಮೈ ಬೆಂಕಿಯ ಕಡೆಗೆ, ಹೊಳೆಯುವ ಒಳಮೈ ಕಾವನ್ನು ಹಕ್ಕಿಯ ಬೆನ್ನಿಗೆ ಹಿಂದಿರುಗಿಸುತ್ತಿತ್ತು. ಹಿಂಬದಿಯಲ್ಲಿ ರಸ ಹೊಯ್ಯಲು ಒಂದು ಪುಟ್ಟ ಬಾಗಿಲು. ಸಲಾಕೆ, ದಾರ, ತಗಡು ಮೂರರಲ್ಲೂ ಎರಡು ಸಂಗತಿ ಸಮಾನ. ಹಕ್ಕಿ ಸುತ್ತುತ್ತಿತ್ತು, ಬೇಯಿಸುವವರಿಗೆ ಅದು ಉದ್ದಕ್ಕೂ ಕಣ್ಣಿಗೆ ಕಾಣುತ್ತಿತ್ತು. ಎದೆ ಬೇಗ ಕೆಂಪೇರಿದರೆ ಬೆಣ್ಣೆ ಹಚ್ಚಿದ ಕಾಗದ ಸುತ್ತಬಹುದು, ಬೆಂಕಿಯಿಂದ ಹಿಂದೆ ಸರಿಸಬಹುದು, ತೊಡೆಯನ್ನು ಕಾವಿಗೆ ಒಡ್ಡಬಹುದು. ಸುತ್ತಲೂ ಗಾಳಿಯಾಡುವುದರಿಂದ ಹಬೆ ಹಾರಿಹೋಗಿ ಚರ್ಮ ಗರಿಯಾಗುತ್ತಿತ್ತು. ಬೆವರಿಳಿಸುವ ಕೆಲಸ, ಸೌದೆಯೂ ಸಿಕ್ಕಾಪಟ್ಟೆ ಬೇಕು. ಆದರೂ ಈ ಹಕ್ಕಿಯನ್ನು ಬೇಯಿಸಲು ಇದು ಹೇಳಿಮಾಡಿಸಿದ ವಿಧಾನವಾಗಿತ್ತು ಎನ್ನಲು ನಾನು ಹಿಂಜರಿಯುವುದಿಲ್ಲ.

1830ರ ದಶಕದಿಂದ ಅಮೆರಿಕದ ಅಡುಗೆಮನೆಗಳಿಗೆ ಎರಕದ ಕಬ್ಬಿಣದ ಒಲೆಗಳು ಬಂದವು. ನ್ಯೂಯಾರ್ಕ್ ರಾಜ್ಯದ ಆಲ್ಬನಿ, ಟ್ರಾಯ್ ಊರುಗಳು ಅವುಗಳ ತಯಾರಿಕೆಯ ದೊಡ್ಡ ಕೇಂದ್ರಗಳಾದವು. ಕಲ್ಲಿದ್ದಲಿಗೂ ಸೌದೆಗೂ ಒಗ್ಗುವ ಈ ಒಲೆಯೊಳಗೆ ಒಂದು ಓವನ್ ಇರುತ್ತಿತ್ತು. ಬಾಡಿಗೆ ಮನೆಯ ಸಣ್ಣ ಅಡುಗೆಕೋಣೆಯಲ್ಲೂ ಅದು ಹಿಡಿಸುತ್ತಿತ್ತು. ಓವನ್ ಇಲ್ಲದ ಮನೆಯ ಪಾಡು ಏನೆಂಬುದಕ್ಕೆ ಅಟ್ಲಾಂಟಿಕ್ಕಿನ ಆಚೆ ದಡದ ಸಾಕ್ಷಿಯೊಂದಿದೆ. 1843ರಲ್ಲಿ ಬಂದ ಡಿಕನ್ಸ್ ಅವರ ‘ಎ ಕ್ರಿಸ್‌ಮಸ್ ಕ್ಯಾರಲ್’ನಲ್ಲಿ ಕ್ರಾಚಿಟ್ ಕುಟುಂಬದ ಮಕ್ಕಳು ಹಬ್ಬದ ಹೆಬ್ಬಾತನ್ನು ತರುವುದು ಬೇಕರಿಯವನ ಓವನ್ನಿನಿಂದ. ಲಂಡನ್ನಿನ ಬಡವರಿಗೆ ಆಗ ಅದೇ ಗತಿ. ಕಥೆಯ ಕೊನೆಯಲ್ಲಿ ಸ್ಕ್ರೂಜ್ ಆ ಮನೆಗೆ ಕಳಿಸುವ ದೈತ್ಯ ಟರ್ಕಿ ದೊಡ್ಡ ಮನೆಗಳ ಊಟ. ಅದನ್ನು ಸಾಧಾರಣ ಮನೆಯೂ ತನ್ನ ಸೂರಿನಡಿ ಬೇಯಿಸಬೇಕಾದರೆ ಒಲೆ ಬದಲಾಗಬೇಕಿತ್ತು. ಒಲೆ ಬದಲಾದಾಗ ಪ್ರತಿಭಟನೆಯೂ ಎದ್ದಿತು. ಕಾದಂಬರಿಕಾರ ಹಾಥಾರ್ನ್ ಅದೇ 1843ರಲ್ಲಿ ತೆರೆದ ಒಲೆಯ ಅಳಿವಿಗೆ ಮರುಗಿ ಪ್ರಬಂಧವನ್ನೇ ಬರೆದರು. ಇಂಥ ಬರಹಗಳನ್ನು ಹಳೆಯ ಕಾಲದ ಹಂಬಲವೆಂದು ತಳ್ಳಿಹಾಕುವುದು ಸುಲಭ. ಆದರೆ ಅಡುಗೆ ಕಲಿಸುತ್ತಿದ್ದ, ಅಳತೆಗೆ ಹೆಸರಾದ ಫ್ಯಾನಿ ಫಾರ್ಮರ್ ಕೂಡ 1896ರ ತಮ್ಮ ಬಾಸ್ಟನ್ ಅಡುಗೆ ಪುಸ್ತಕದಲ್ಲಿ ಬೆಂಕಿಯ ಎದುರು ಸುಟ್ಟ ಮಾಂಸವೇ ಬೇರೆ, ಒಲೆಯ ಓವನ್ನಿನಲ್ಲಿ ಬೆಂದ ಮಾಂಸವೇ ಬೇರೆ ಎಂದು ಸ್ಪಷ್ಟವಾಗಿ ಗುರುತಿಸುತ್ತಾರೆ. ಅವರಿಗೆ ಹಳೆಯ ಕಾಲದ ವ್ಯಾಮೋಹವಿರಲಿಲ್ಲ. ಹೊಸ ಅಡುಗೆಮನೆಯ ವಕೀಲರೇ ಈ ವ್ಯತ್ಯಾಸವನ್ನು ಒಪ್ಪಿದ್ದರೆಂಬುದು ಮುಖ್ಯ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಟರ್ಕಿಯನ್ನು ಹಬ್ಬದ ಹಕ್ಕಿಯಾಗಿ ಮಾಡಿದ್ದು ಕಬ್ಬಿಣವಲ್ಲ, ಕಾಗದ ಎನ್ನಬಹುದು. ಸಾರಾ ಜೋಸೆಫಾ ಹೇಲ್ 1827ರಲ್ಲೇ ತಮ್ಮ ‘ನಾರ್ತ್‌ವುಡ್’ ಕಾದಂಬರಿಯಲ್ಲಿ ನ್ಯೂ ಹ್ಯಾಂಪ್‌ಶೈರಿನ ತೋಟದ ಮನೆಯೊಂದರ ಥ್ಯಾಂಕ್ಸ್‌ಗಿವಿಂಗ್ ಊಟವನ್ನು ಬಣ್ಣಿಸಿ, ಮೇಜಿನ ತಲೆಗೆ ಟರ್ಕಿಯನ್ನು ಕೂರಿಸಿದ್ದರು. 1837ರಿಂದ ನಾಲ್ಕು ದಶಕ ‘ಗೋಡೀಸ್ ಲೇಡೀಸ್ ಬುಕ್’ ಪತ್ರಿಕೆಯ ಸಂಪಾದಕಿಯಾಗಿ ಈ ಹಬ್ಬ ಇಡೀ ದೇಶದ್ದಾಗಬೇಕೆಂದು ವರ್ಷ ವರ್ಷವೂ ಬರೆದರು, ರಾಜ್ಯಪಾಲರಿಗೆ ಪತ್ರ ಹಾಕಿದರು. 1863ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಲಿಂಕನ್ ಅವರಿಗೂ ಬರೆದರು. ಅಕ್ಟೋಬರ್ 3ರಂದು, ಅಂತರ್ಯುದ್ಧದ ನಡುವೆ, ನವೆಂಬರಿನ ಕೊನೆಯ ಗುರುವಾರವನ್ನು ಹಬ್ಬವೆಂದು ಲಿಂಕನ್ ಘೋಷಿಸಿದರು. ಒಬ್ಬ ವಿಧವೆ, ಐದು ಮಕ್ಕಳ ತಾಯಿ, ಲೇಖನಿ ಹಿಡಿದು ಒಂದು ದೇಶದ ಪಂಚಾಂಗವನ್ನೇ ತಿದ್ದಿದ ಈ ಸಾಧನೆಯ ಬಗ್ಗೆ ನನಗೆ ಅಪಾರ ಗೌರವವಿದೆ. ದಿನವನ್ನು ಕೊಟ್ಟದ್ದು ಹೇಲ್ ಅವರೇ, ಇದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಕಾದಂಬರಿಯ ಮೇಜನ್ನು ಇನ್ನೊಮ್ಮೆ ನೋಡಿ. ಟರ್ಕಿಯ ಜೊತೆ ದನ, ಹಂದಿ, ಕುರಿ ಮಾಂಸದ ದೊಡ್ಡ ತುಂಡುಗಳು, ಬಾತುಗಳು, ಕೋಳಿಯ ಪೈ ಎಲ್ಲವೂ ಅಲ್ಲಿವೆ. ಅದು ದೊಡ್ಡ ಒಲೆ, ಇಟ್ಟಿಗೆಯ ಓವನ್, ಆಳುಕಾಳು ಇರುವ ಸ್ಥಿತಿವಂತರ ಮನೆ. ಅಲ್ಲಿ ಟರ್ಕಿ ಹಲವರಲ್ಲಿ ಮೊದಲನೆಯದು. ಲಿಂಕನ್ ಘೋಷಣೆಯಲ್ಲಂತೂ ಟರ್ಕಿಯ ಸುದ್ದಿಯೇ ಇಲ್ಲ. ಮುಂದೆ ಆ ಮೇಜಿನ ಮೇಲಿದ್ದ ಮಿಕ್ಕ ಮಾಂಸಗಳೆಲ್ಲ ಕರಗಿ ಒಂದೇ ಹಕ್ಕಿ ಉಳಿದದ್ದು ಏಕೆ? ನಗರದ ಮನೆಗೆ ಇದ್ದದ್ದು ಒಂದು ಒಲೆ, ಒಂದು ಓವನ್. ಹತ್ತಾರು ಜನರಿಗೆ ಒಂದೇ ಸಲಕ್ಕೆ ಸಾಲುವ, ಆ ಓವನ್ನಿನಲ್ಲಿ ಹಿಡಿಸುವ ಒಂದು ಮಾಂಸ ಬೇಕಿತ್ತು. ಹಸು ದೊಡ್ಡದಾಯಿತು, ಕೋಳಿ ಚಿಕ್ಕದಾಯಿತು. ಬಾತು ಕೊಬ್ಬು ಹೆಚ್ಚಿನದು, ಮಾಂಸ ಕಡಿಮೆಯದು. ಹೇಲ್ ಹಬ್ಬವನ್ನು ಸಾರಿದರು. ಅದರ ಊಟವನ್ನು ಒಂದೇ ಹಕ್ಕಿಗೆ ಇಳಿಸಿದ್ದು ಓವನ್ನಿನ ಅಗಲ.

ಮುಂದಿನ ಶತಮಾನದಲ್ಲಿ ಈ ಅಗಲಕ್ಕೆ ತಕ್ಕಂತೆ ಹಕ್ಕಿಯನ್ನೇ ತಿದ್ದಲು ಸರ್ಕಾರ ಕೈಹಾಕಿತು. ನನ್ನ ವಾದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. 1930ರ ದಶಕದಲ್ಲಿ ಕುಟುಂಬಗಳು ಚಿಕ್ಕದಾಗಿದ್ದವು, ಅಪಾರ್ಟ್‌ಮೆಂಟಿನ ಓವನ್, ಫ್ರಿಜ್ಜುಗಳೂ ಚಿಕ್ಕವು. ಗೃಹಿಣಿಯರು ಕೇಳುತ್ತಿದ್ದುದು 8ರಿಂದ 15 ಪೌಂಡಿನ ಹಕ್ಕಿ. ಅಮೆರಿಕದ ಕೃಷಿ ಇಲಾಖೆ ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರದಲ್ಲಿ 1934ರಿಂದ ಹಲವು ತಳಿ ಬೆರೆಸಿ, ‘ಬೆಲ್ಟ್ಸ್‌ವಿಲ್ ಸ್ಮಾಲ್ ವೈಟ್’ ಎಂಬ ಬಿಳಿ ಗರಿಯ ಪುಟ್ಟ ಟರ್ಕಿಯನ್ನು 1941ರ ಹೊತ್ತಿಗೆ ಸಿದ್ಧಪಡಿಸಿತು. 1950ರ ದಶಕದಲ್ಲಿ ಅದು ಅಮೆರಿಕದಲ್ಲೆಲ್ಲ ಹರಡಿತು, 1970ರ ದಶಕಕ್ಕೆ ಬಹುತೇಕ ಕಣ್ಮರೆಯಾಯಿತು. ಕಾರಣ, ಇನ್ನೊಂದು ಸಾಲಿನ ಟರ್ಕಿ ಅದನ್ನು ಹಿಂದಿಕ್ಕಿತ್ತು. ಇಂಗ್ಲೆಂಡಿನಿಂದ ಕೆನಡಾದ ಬ್ರಿಟಿಷ್ ಕೊಲಂಬಿಯಾಕ್ಕೆ ವಲಸೆ ಬಂದ ಜೆಸ್ಸಿ ಥ್ರಾಸೆಲ್ 1920ರ ದಶಕದಲ್ಲಿ ಜೊತೆಗೆ ತಂದ ಅಗಲ ಎದೆಯ ಹಕ್ಕಿಗಳಿಂದ ಬೆಳೆದ ತಳಿ ಅದು. ಮಾಂಸದ ಕಾರ್ಖಾನೆಗಳಿಗೂ ಹೋಟೆಲುಗಳಿಗೂ ಒಂದೊಂದು ಹಕ್ಕಿಯಲ್ಲಿ ಹೆಚ್ಚು ಎದೆಮಾಂಸ ಸಿಗುವುದೇ ಬೇಕಾಗಿತ್ತು. 1930ರ ಸುಮಾರಿಗೆ ಅಮೆರಿಕದ ಟರ್ಕಿಯ ಸರಾಸರಿ ಜೀವಂತ ತೂಕ 13 ಪೌಂಡಿನ ಆಸುಪಾಸಿನಲ್ಲಿತ್ತು. ಇತ್ತೀಚೆಗೆ ಅದು 30 ಪೌಂಡು ಮುಟ್ಟಿದೆ. ಹೆಚ್ಚಿದ ತೂಕದ ದೊಡ್ಡ ಪಾಲು ಎದೆಯಲ್ಲೇ ಕೂತಿದೆ. ಹುಂಜದ ಎದೆ ಎಷ್ಟು ಭಾರವೆಂದರೆ ಅದು ಹೇಂಟೆಯನ್ನು ಕೂಡಲಾರದು, ಸಂತಾನವೆಲ್ಲ ಕೃತಕ ಗರ್ಭಧಾರಣೆಯಿಂದಲೇ ಆಗಬೇಕು. ಇದನ್ನು ಪ್ರಗತಿ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. 1997ರಲ್ಲಿ ಹಳೆಯ ತಳಿಗಳ ಸಂರಕ್ಷಕರು ಲೆಕ್ಕ ಹಾಕಿದಾಗ ಅಮೆರಿಕದಲ್ಲಿ ಉಳಿದಿದ್ದ ಸಾಂಪ್ರದಾಯಿಕ ತಳಿಗಳ ಮರಿಹಾಕಿಸುವ ಹಕ್ಕಿಗಳು ಸುಮಾರು 1,300. ಮನ್ಸೂರ್ ಬರೆದಂಥ ಸಪೂರ ಹಕ್ಕಿಯನ್ನು ಬೇಯಿಸುತ್ತಿದ್ದ ಅನುಭವವೂ ಆ ತಳಿಗಳ ಜೊತೆಗೇ ಅಳಿವಿನಂಚಿಗೆ ಹೋಗಿತ್ತು.

ಎದೆ ಒಣಗುವುದು ಹಕ್ಕಿಯ ಹುಟ್ಟುಗುಣ, ಅದನ್ನು ಓವನ್ನಿನ ತಲೆಗೆ ಕಟ್ಟುವುದು ಅನ್ಯಾಯ ಎಂಬ ಇನ್ನೊಂದು ಆಕ್ಷೇಪವೂ ಉಂಟು. ಇದರಲ್ಲಿ ಸತ್ಯಾಂಶವಿದೆ. ದಿನವಿಡೀ ನಡೆಯುವ ಕಾಲಿನ ಸ್ನಾಯು ಕಂದು, ಅದರ ನಾರಿನ ನಡುವೆ ಹೆಚ್ಚು ಕೊಲಾಜನ್. ಅದು ಕರಗಿ ಮೆತ್ತಗಾಗಲು 80 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಹೋಗಬೇಕು. ಅಪರೂಪಕ್ಕೆ ಹಾರಲು ಬಳಸುವ ಎದೆಯ ಬಿಳಿ ಮಾಂಸ 65 ದಾಟಿದ ಮೇಲೆ ರಸ ಬಿಡತೊಡಗುತ್ತದೆ. ಇದು 1621ರಲ್ಲೂ ಹೀಗೇ ಇತ್ತು. ಬೆಣ್ಣೆಕಾಗದ ಸುತ್ತುತ್ತಿದ್ದುದೇ ಹಳಬರಿಗೂ ಈ ಕಷ್ಟವಿತ್ತು ಎಂಬುದಕ್ಕೆ ಪುರಾವೆ. ಆದರೆ ಹಳಬರ ಬಳಿ ಅದಕ್ಕೆ ಉಪಾಯಗಳಿದ್ದವು, ಹಕ್ಕಿಯ ಎದೆಯೂ ತೆಳ್ಳಗಿತ್ತು. ಓವನ್ನಿನೊಳಗೆ ಹಕ್ಕಿ ಅಲುಗುವುದಿಲ್ಲ. ಎದೆ ಮೇಲ್ಮುಖವಾಗಿ ಕಾವಿಗೆ ಮೈಯೊಡ್ಡಿ ಕೂರುತ್ತದೆ, ತೊಡೆ ತಟ್ಟೆಯ ಅಂಚಿನ ಮರೆಯಲ್ಲಿ ತನ್ನದೇ ಹಬೆಯಲ್ಲಿ ಬೇಯುತ್ತದೆ. ಬಾಗಿಲು ತೆರೆದರೆ ಕಾವು ಹೋಗುತ್ತದೆ, ತೆರೆಯದಿದ್ದರೆ ಕಾಣುವುದಿಲ್ಲ. ಹಕ್ಕಿ ಹಿಮಗಟ್ಟಿಯಾಗಿ ಅಂಗಡಿಗೆ ಬರತೊಡಗಿದ ಮೇಲೆ ಕಷ್ಟ ಇಮ್ಮಡಿಯಾಯಿತು. ಫ್ರಿಜ್ಜಿನಲ್ಲಿ ಕರಗಿಸಲು ಪ್ರತಿ ನಾಲ್ಕೈದು ಪೌಂಡಿಗೆ ಒಂದು ದಿನ ಬೇಕು, ಅವಸರಪಟ್ಟರೆ ನಡುಭಾಗ ಮಂಜಾಗಿಯೇ ಉಳಿಯುತ್ತದೆ. ಸಾಲ್ಮೊನೆಲ್ಲಾ ಭಯದಿಂದ ಸರ್ಕಾರಿ ಸೂಚನೆಗಳು ಬಹುಕಾಲ ಇಡೀ ಹಕ್ಕಿಯನ್ನು 180 ಡಿಗ್ರಿ ಫ್ಯಾರನ್‌ಹೀಟಿಗೆ ಮುಟ್ಟಿಸಿ ಎನ್ನುತ್ತಿದ್ದವು. ಅದು ಸೆಲ್ಸಿಯಸ್ಸಿನಲ್ಲಿ 82. ಎದೆಯ ಪಾಲಿಗೆ ಇದು ಮರಣಶಾಸನ. ಅದನ್ನು 165ಕ್ಕೆ, ಅಂದರೆ 74 ಸೆಲ್ಸಿಯಸ್ಸಿಗೆ ಇಳಿಸಿದ್ದು 2006ರಲ್ಲಿ. ಅಷ್ಟರಲ್ಲಿ ಎರಡು ಮೂರು ತಲೆಮಾರು ಒಣಗಿದ ಟರ್ಕಿಯನ್ನೇ ಟರ್ಕಿಯ ರುಚಿ ಎಂದು ತಿಂದು ಬೆಳೆದಿತ್ತು.

ಮುಚ್ಚಿದ ಪೆಟ್ಟಿಗೆಯಲ್ಲೂ ಮಾಂಸ ಚೆನ್ನಾಗಿ ಬೇಯುತ್ತದೆಂದು ವಾದಿಸಿದ ದೊಡ್ಡವರು ಇದ್ದರು. ಮ್ಯಾಸಚೂಸೆಟ್ಸಿನಲ್ಲಿ ಹುಟ್ಟಿ ಯುರೋಪಿನಲ್ಲಿ ಹೆಸರು ಮಾಡಿದ ವಿಜ್ಞಾನಿ ಕೌಂಟ್ ರಮ್‌ಫರ್ಡ್ ಹದಿನೆಂಟನೆಯ ಶತಮಾನದ ಕೊನೆಯಲ್ಲೇ ತಗಡಿನ ಕೊಳವೆಯಂಥ ರೋಸ್ಟರ್ ಮಾಡಿ, ಅದರಲ್ಲಿ ಬೆಂದದ್ದು ಸಲಾಕೆಯ ಮಾಂಸಕ್ಕೆ ಯಾವುದರಲ್ಲೂ ಕಡಿಮೆಯಿಲ್ಲ, ತೂಕವೂ ಕಡಿಮೆ ಕಳೆಯುತ್ತದೆ ಎಂದು ಪ್ರಯೋಗಗಳಿಂದ ತೋರಿಸಲು ಹೊರಟರು. ಅವರ ಮಾತನ್ನು ನಾನು ನಂಬುತ್ತೇನೆ. ಆದರೆ ಅವರ ರೋಸ್ಟರಿನ ಅಡಿಯಲ್ಲಿ ಬಿಸಿಗಾಳಿ ಊದುವ ಕೊಳವೆಗಳಿದ್ದವು, ಹಬೆ ಹೊರಹೋಗಲು ಬೇರೆ ದಾರಿ ಇತ್ತು. ಬೇಯುವ ಕೊನೆಯಲ್ಲಿ ಅವೆರಡನ್ನೂ ತೆರೆದು ಒಣಗಾಳಿ ಹಾಯಿಸಿ ಬಣ್ಣ ಬರಿಸಬೇಕಿತ್ತು. ತೆರೆದ ಬೆಂಕಿ ಏನು ಮಾಡುತ್ತಿತ್ತೆಂದು ಅರಿತೇ ಅವರು ಪೆಟ್ಟಿಗೆ ಕಟ್ಟಿದ್ದರು. ಕಾರ್ಖಾನೆಯ ಅಗ್ಗದ ಒಲೆಗಳು ಪೆಟ್ಟಿಗೆಯನ್ನು ಉಳಿಸಿಕೊಂಡು ಕೊಳವೆಗಳನ್ನು ಕೈಬಿಟ್ಟವು. ಫ್ಯಾನಿರುವ ಓವನ್ನುಗಳು ಮನೆಗಳಿಗೆ ಬಂದು ಆ ಗಾಳಿ ಮರಳಲು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಹಾಗಾದರೆ ಹಕ್ಕಿಯನ್ನು ಕತ್ತರಿಸಿ ಬೇಯಿಸಿದರೆ ಮುಗಿಯಿತಲ್ಲ? ಬೆನ್ನೆಲುಬು ತೆಗೆದು ಚಪ್ಪಟೆಯಾಗಿ ಹರಡಿ ಬೇಯಿಸಿದರೆ ಎದೆ, ತೊಡೆ ಎರಡೂ ಒಂದೇ ಮಟ್ಟದಲ್ಲಿ ಕಾವಿಗೆ ಸಿಗುತ್ತವೆ, ಸಮಯ ಅರ್ಧಕ್ಕೆ ಹತ್ತಿರ ಇಳಿಯುತ್ತದೆ. ಕಾಲು ಬೇರೆ, ಎದೆ ಬೇರೆ ಮಾಡಿ ಒಂದೊಂದನ್ನು ಅದರದರ ಹದಕ್ಕೆ ತೆಗೆದರಂತೂ ತೊಂದರೆಯೇ ಇಲ್ಲ. ಬಲ್ಲವರು ಇದನ್ನು ದಶಕಗಳಿಂದ ಹೇಳುತ್ತಲೇ ಬಂದಿದ್ದಾರೆ. ಬಹುಪಾಲು ಮನೆಗಳು ಕೇಳುವುದಿಲ್ಲ, ಏಕೆಂದರೆ ಹಬ್ಬಕ್ಕೆ ಹಕ್ಕಿ ಇಡಿಯಾಗಿಯೇ ಬರಬೇಕು. ಸಲಾಕೆಯ ಕಾಲದಲ್ಲಿ ಇಡಿತನಕ್ಕೆ ಕಾರಣವಿತ್ತು: ರೆಕ್ಕೆ, ಕಾಲು ಬಿಗಿದು ಕಟ್ಟಿದ ಇಡೀ ದೇಹವಾದರೆ ಮಾತ್ರ ತೂಕ ಸಮವಾಗಿ ನಿಂತು ಸರಾಗವಾಗಿ ಸುತ್ತುತ್ತಿತ್ತು. ಓವನ್ನಿಗೆ ಬಂದ ಮೇಲೆ ಆ ಕಾರಣ ಉಳಿಯಲಿಲ್ಲ, ಕಣ್ಣಿನ ರೂಢಿ ಉಳಿಯಿತು. ಅದನ್ನು ಭದ್ರಪಡಿಸಿದ್ದು 1943ರ ಮಾರ್ಚ್ 6ರ ‘ಸ್ಯಾಟರ್ಡೇ ಈವ್‌ನಿಂಗ್ ಪೋಸ್ಟ್’ನಲ್ಲಿ ಅಚ್ಚಾದ ನಾರ್ಮನ್ ರಾಕ್‌ವೆಲ್ ಅವರ ಚಿತ್ರ. ಬಿಳಿ ಮೇಜುವಸ್ತ್ರದ ಸುತ್ತ ಕುಟುಂಬ ಕೂತಿದೆ, ಏಪ್ರನ್ ತೊಟ್ಟ ಅಜ್ಜಿ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಹೊಂಬಣ್ಣದ ಇಡೀ ಟರ್ಕಿಯನ್ನು ಮೇಜಿಗಿಳಿಸುತ್ತಿದ್ದಾಳೆ. ಯುದ್ಧದ ದಿನಗಳಲ್ಲಿ ಹಸಿವಿಲ್ಲದ ಬದುಕಿನ ಹಕ್ಕನ್ನು ಸಾರಲು ಬರೆದ ಆ ಚಿತ್ರ ಆಮೇಲೆ ಪ್ರತಿ ಮನೆಯ ಹಬ್ಬಕ್ಕೂ ಮಾದರಿಯಾಯಿತು. ಕತ್ತರಿಸಿ ಬೇಯಿಸುವ ಮನೆಗಳಲ್ಲೂ ಕೆಲವರು ಬೆಂದ ತುಂಡುಗಳನ್ನು ತಟ್ಟೆಯಲ್ಲಿ ಹಕ್ಕಿಯ ಆಕಾರಕ್ಕೇ ಮತ್ತೆ ಜೋಡಿಸಿ ಮೇಜಿಗೆ ತರುತ್ತಾರೆ.